ಬರ ಬರುವ ಮೊದಲೇ ಕೂಡಿಟ್ಟ ಸಭೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸಭೆಗಳ ಕೂಡು ಆರಾಧನೆಯಲ್ಲಿ ಕೊಟ್ಟ ದೇವರ ವಾಕ್ಯ ಸಂದೇಶ
ವೇದಭಾಗ: ಅಪೊಸ್ತಲರ ಕೃತ್ಯಗಳು 11:27–30

ಹಲ್ಲೆಲೂಯಾ. ಹುಕ್ಕೇರಿಯಿಂದ ಬೆಳಿಗ್ಗೆ ಬೇಗ ಎದ್ದು ಬಂದೀರಿ, ಮೂಡಲಗಿಯವರು ಬಸ್ಸು ಹಿಡಿದು ಬಂದೀರಿ, ಕರ್ತನು ನಿಮ್ಮನ್ನ ಆಶೀರ್ವದಿಸಲಿ. ಹಿಂದಿನ ಸಾಲಿನ ಅಕ್ಕಂದಿರೇ, ಫ್ಯಾನ್ ಇಲ್ಲದ ಕಡೆ ಕೂತೀರಿ, ಸ್ವಲ್ಪ ಮುಂದೆ ಬರ್ರಿ. ಇಲ್ಲಿ ಜಾಗ ಐತಿ.

ಎಲ್ಲರೂ ಸತ್ಯವೇದ ತೆಗೀರಿ. ಅಪೊಸ್ತಲರ ಕೃತ್ಯಗಳು ಹನ್ನೊಂದನೇ ಅಧ್ಯಾಯ, 27ರಿಂದ 30. ಸಿಕ್ಕಿತಾ? ಸಿಕ್ಕವರು ಆಮೆನ್ ಅನ್ರಿ.

ಯೆರೂಸಲೇಮಿನಿಂದ ಕೆಲವು ಪ್ರವಾದಿಗಳು ಅಂತಿಯೋಕ್ಯಕ್ಕೆ ಬರ್ತಾರೆ. ಅವರಲ್ಲಿ ಅಗಬ ಅನ್ನುವವನು ಎದ್ದು ನಿಂತು, ಆತ್ಮನ ಪ್ರೇರಣೆಯಿಂದ, ಲೋಕಕ್ಕೆಲ್ಲ ದೊಡ್ಡ ಬರ ಬರ್ತೈತಿ ಅಂತ ತಿಳಿಸ್ತಾನೆ. ಆ ಬರ ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬಂತು ಅಂತ ಲೂಕನೇ ಬರೆದಿದ್ದಾನೆ. ಕ್ಲೌದ್ಯ ಆಳಿದ್ದು ಕ್ರಿ.ಶ. 41ರಿಂದ 54ರವರೆಗೆ. ಹೊರಗಿನ ಇತಿಹಾಸದಲ್ಲೂ ಇದು ಐತಿ. ಆ ಬರದಲ್ಲಿ ಅದಿಯಾಬೆನೆಯ ರಾಣಿ ಹೆಲೆನಾ ಐಗುಪ್ತದಿಂದ ಧಾನ್ಯ, ಸೈಪ್ರಸ್‌ನಿಂದ ಒಣಗಿದ ಅಂಜೂರ ಕೊಂಡು ಯೆರೂಸಲೇಮಿನ ಜನಕ್ಕೆ ಹಂಚಿದಳು ಅಂತ ಯೆಹೂದ್ಯ ಇತಿಹಾಸಕಾರ ಜೋಸೀಫಸ್ ಬರೀತಾನೆ.

ಈಗ ನನ್ನ ಪ್ರಶ್ನೆ ಕೇಳ್ರಿ. ಪವಿತ್ರಾತ್ಮನು ಸಭೆಗೆ ಹವಾಮಾನದ ಮುನ್ಸೂಚನೆ ಕೊಟ್ಟಾಗ ಸಭೆ ಏನು ಮಾಡಿತು? ಇದು ಕಡೇ ಕಾಲದ ಗುರುತು, ಆಗಲಿ ಬಿಡು ಅಂತ ಕೂತಿತಾ? ಅಗಬನ ಪ್ರವಾದನೆ ಎಷ್ಟು ಚೆಂದ ಇತ್ತು ಅಂತ ಚಪ್ಪಾಳೆ ತಟ್ಟಿ ಮನೆಗೆ ಹೋಯಿತಾ? ಇಲ್ಲ. ಒಬ್ಬೊಬ್ಬ ಶಿಷ್ಯನೂ ತನ್ನ ತನ್ನ ಶಕ್ತಿ ನೋಡಿ ಕಾಣಿಕೆ ಕೂಡಿಸಿದ. ಬಾರ್ನಬ ಮತ್ತು ಸೌಲರ ಕೈಯಲ್ಲಿ ಯೂದಾಯದ ಸಹೋದರರಿಗೆ ಕಳಿಸಿದರು. ಹಣ ಯಾರ ಕೈಯಿಂದ ಹೋಯಿತು ಅನ್ನುವುದನ್ನೂ ಲೂಕ ಬರೆದಿಟ್ಟ. ಲೆಕ್ಕ ಇತ್ತು, ಪ್ರಿಯರೇ. ಖಜಾಂಚಿ ಅಣ್ಣನವರು ನಗ್ತಾ ಇದ್ದಾರೆ.

ಪ್ರವಾದನೆ ಬಂದದ್ದು ಅಂತಿಯೋಕ್ಯದಲ್ಲಿ, ಹಸಿವೆಯಾಗುವುದು ಯೂದಾಯದಲ್ಲಿ. ತಮ್ಮ ಊರಿನದಲ್ಲದ ಬರಕ್ಕೆ ಆ ಸಭೆ ಮೊದಲೇ ತಯಾರಾಯಿತು. ಇದನ್ನ ಮನಸ್ಸಿನಲ್ಲಿ ಇಟ್ಕೊಳ್ರಿ. ಈಗ ನಾನು ನಮ್ಮ ಹೊಳಿಗೆ ಬರ್ತೇನೆ.

ಘಟಪ್ರಭಾ ಪಶ್ಚಿಮ ಘಟ್ಟದಲ್ಲಿ, ಮಹಾರಾಷ್ಟ್ರದ ಕಡೆ ಹುಟ್ತಾಳೆ. ಮೊದಲು ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿಗೆ ಬರ್ತಾಳೆ, 51 ಟಿಎಂಸಿ ಹಿಡಿಯುವ ಡ್ಯಾಂ. ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ ಬಂದು ಕೂಡ್ತಾಳೆ. ಆಮೇಲೆ ಗೋಕಾಕ ಫಾಲ್ಸ್‌ನಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕ್ತಾಳೆ, ಗೋಕಾಕದ ಹತ್ತಿರ ಮಾರ್ಕಂಡೇಯ ಸೇರ್ತಾಳೆ, ಅಲ್ಲಿಂದ ಸುಣಧೋಳಿ, ಅವರಾದಿ ಅಂತ ಮೂಡಲಗಿ ತಾಲೂಕಿನ ಊರುಗಳ ಪಕ್ಕದಲ್ಲಿ ಹರೀತಾಳೆ. ಅಂದ್ರ ಹುಕ್ಕೇರಿ ಸಭೆಯವರು ಇವತ್ತು ನೋಡಿದ ನೀರನ್ನ ಆಮೇಲೆ ಗೋಕಾಕದವರು ನೋಡ್ತಾರೆ, ಅದರ ನಂತರ ಮೂಡಲಗಿಯವರು ನೋಡ್ತಾರೆ. ನಮ್ಮ ಮೂರೂ ಸಭೆಗಳನ್ನ ಒಂದೇ ಹೊಳಿ ಪೋಣಿಸೈತಿ. ಹೌದಿಲ್ಲೋ?

2019ರ ಆಗಸ್ಟ್ ಯಾರು ಮರೀತೀರಿ? ಲೋಳಸೂರ ಸೇತುವೆ ಮುಳುಗಿತು. ಗೋಕಾಕದೊಳಗೆ ನೀರು ನುಗ್ಗಿತು, ಅಂಗಡಿ, ಮನೆ, ಗುಡಿ, ಮಸೀದಿ ಅಂತ ನೋಡಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಊರ ಮೇಲಿನ ಗುಡ್ಡದ ದೊಡ್ಡ ಬಂಡೆಗಳು ಉರುಳ್ತಾವ ಅಂತ ಜನ ರಾತ್ರಿ ನಿದ್ದೆ ಬಿಟ್ಟರು. 2021ರ ಜುಲೈನಲ್ಲಿ ಮತ್ತೆ ಹೊಳಿ ಬಂತು. ಸಂಕೇಶ್ವರದಲ್ಲೂ ಬಂತು. 2024ರ ಜುಲೈನಲ್ಲಿ ಮತ್ತೆ ಬಂತು. ನಡುವೆ 2023ರಲ್ಲಿ ಏನಾಯಿತು? ಬರ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಒಂದು ವರ್ಷ ಮುಳುಗಿಸೋ ನೀರು, ಇನ್ನೊಂದು ವರ್ಷ ಕುಡಿಯೋದಕ್ಕೂ ಇಲ್ಲದ ನೀರು.

ಯಾಕೆ ಹಿಂಗೆ? ವಿಜ್ಞಾನಿಗಳು ಹೇಳೋದು ಸರಳ ಐತಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದ ಹಂಗ ಆಗೈತಿ. ಸುಮಾರು ನೂರೈವತ್ತು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಲೋಕ ಒಂದು ಡಿಗ್ರಿಗಿಂತ ಹೆಚ್ಚು ಬಿಸಿಯಾಗೈತಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿತೈತಿ. ಹಿಡಿದದ್ದನ್ನ ಒಮ್ಮೆಗೇ ಸುರೀತೈತಿ. ಮಧ್ಯ ಭಾರತದ ಪಟ್ಟಿಯಲ್ಲಿ ದೊಡ್ಡ ಪ್ರದೇಶವನ್ನೇ ಆವರಿಸುವ ಅತಿಮಳೆ 1950ರಿಂದ 2015ರೊಳಗೆ ಮೂರು ಪಟ್ಟಾಯಿತು ಅಂತ ಪುಣೆಯ ಹವಾಮಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ತೋರಿಸಿದರು. ಒಂದೊಂದು ಪ್ರವಾಹಕ್ಕೂ ಅದೊಂದೇ ಕಾರಣ ಅಂತ ನಾನು ಹೇಳ್ತಾ ಇಲ್ಲ. ಹಳ್ಳದ ದಂಡೆ ಒತ್ತಿ ಮನೆ ಕಟ್ಟಿದ್ದೂ ಕಾರಣ, ಡ್ಯಾಮಿನಿಂದ ನೀರು ಯಾವಾಗ ಬಿಟ್ಟರು ಅನ್ನೋದೂ ಕಾರಣ. ಆದರೆ ಮಳೆಯ ಗುಣವೇ ಬದಲಾಗೈತಿ ಅನ್ನೋದು ನಮ್ಮ ಹೊಲದ ಹಿರಿಯರಿಗೂ ಗೊತ್ತು. ರೋಹಿಣಿ, ಮಿರಗ ಅಂತ ಲೆಕ್ಕ ಹಾಕಿ ಬಿತ್ತುವವರನ್ನ ಕೇಳ್ರಿ.

ಇವತ್ತು ನಾನು ನಮ್ಮ ಕಥೋಲಿಕ ಸಹೋದರರ ಬಗ್ಗೆಯೂ ಮಾತಾಡಬೇಕು. ಕೆಲವರ ಹುಬ್ಬು ಮೇಲೆ ಹೋಯಿತು, ನೋಡಿದೆ. ಪಾಸ್ಟರ್‌ಗೆ ಏನಾಯಿತು ಅಂತೀರಿ. ಮರಿಯಮ್ಮನ ವಿಷಯದಲ್ಲಿ, ಸಂತರ ವಿಷಯದಲ್ಲಿ ಅವರಿಗೂ ನಮಗೂ ಭೇದ ಐತಿ, ಅದನ್ನ ನಾನು ಮುಚ್ಚಿಡೋದಿಲ್ಲ. ಆದರೆ ಈ ವಿಷಯದಲ್ಲಿ ಅವರು ನಮಗಿಂತ ಮುಂಚೆ ಎದ್ದಿದ್ದಾರೆ. ಅಣ್ಣ ಮೊದಲು ಎದ್ದು ಎತ್ತು ಕಟ್ಟಿದ್ದರೆ ತಮ್ಮ ಅದನ್ನ ಒಪ್ಪಿಕೊಳ್ಳಬೇಕು.

2015ರಲ್ಲಿ ಪೋಪ್ ಫ್ರಾನ್ಸಿಸ್ ಒಂದು ದೊಡ್ಡ ಪತ್ರ ಬರೆದರು. ಕಥೋಲಿಕರಿಗೆ ಮಾತ್ರ ಅಲ್ಲ, ಭೂಮಿಯ ಮೇಲೆ ಬದುಕೋ ಪ್ರತಿಯೊಬ್ಬರಿಗೂ ಅಂತ ಬರೆದರು. ಅದರ ಹೆಸರು ‘ಲಾವ್‌ದಾತೋ ಸೀ’. ಅರ್ಥ ಏನು ಗೊತ್ತಾ? ನಿನಗೆ ಸ್ತೋತ್ರ ಅಂತ! 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಪತ್ರ ಬರೆದರು, ಬರೀ ಹವಾಮಾನದ ಸಂಕಟದ ಮೇಲೆ. ಅದರ ಹೆಸರು ‘ಲಾವ್‌ದಾತೆ ದೇವುಮ್’. ದೇವರನ್ನು ಸ್ತುತಿಸಿರಿ ಅಂತ ಅರ್ಥ. ಅದನ್ನೇ ನಾವು ಇಬ್ರಿಯ ಮಾತಿನಲ್ಲಿ ಏನಂತೀವಿ? ಹಲ್ಲೆಲೂಯಾ! ದಿನಕ್ಕೆ ನೂರು ಸಲ ನಾವು ಕೂಗೋ ಎರಡು ಮಾತನ್ನೇ ಅವರು ಹೊಳಿ, ಮಣ್ಣು, ಗಾಳಿಯ ಮೇಲೆ ಬರೆದ ಪತ್ರಕ್ಕೆ ಹೆಸರು ಇಟ್ಟರು. ಇದನ್ನ ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತೆ.

ಪ್ರತಿ ವರ್ಷ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲ ಅಂತ ಅವರು ಆಚರಿಸ್ತಾರೆ. ಅದು ಶುರುವಾದದ್ದು 1989ರಲ್ಲಿ, ಆರ್ಥೊಡಾಕ್ಸ್ ಸಭೆಯಿಂದ. ಈಗ ಪ್ರೊಟೆಸ್ಟೆಂಟ್ ಸಭೆಗಳೂ ಸೇರ್ತಾವೆ. ನಮ್ಮ ರಾಜ್ಯದ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ತೆನೆ ಹಬ್ಬ ಮಾಡ್ತಾರೆ. ಹೊಸ ಭತ್ತದ ತೆನೆಯನ್ನ ದೇವಾಲಯದಲ್ಲಿ ಆಶೀರ್ವದಿಸಿ ಮನೆಮನೆಗೆ ಒಯ್ತಾರೆ, ಕುಟುಂಬ ಎಲ್ಲ ಕೂಡಿ ಹೊಸ ಅಕ್ಕಿ ಉಣ್ತಾರೆ. ಬೆಳೆಯನ್ನ ದೇವರ ಮುಂದೆ ತಂದು ಇಡೋದು ಅವರ ಆರಾಧನೆಯ ಒಳಗೇ ಐತಿ. ವ್ಯಾಟಿಕನ್‌ನಲ್ಲಿ 2008ರಲ್ಲೇ ಒಂದು ದೊಡ್ಡ ಸಭಾಂಗಣದ ಚಾವಣಿ ಮೇಲೆ ಸುಮಾರು 2,400 ಸೋಲಾರ್ ಪ್ಯಾನೆಲ್ ಹಾಕಿದರು.

ಇನ್ನೊಂದು ವಿಷಯ, ಇದನ್ನ ನಾನು ಬಹಳ ಮುಖ್ಯ ಅಂತೀನಿ. ಅವರ ಧರ್ಮಕೇಂದ್ರ ಅಂದ್ರ ಒಂದು ಗಡಿ. ಈ ಹಳ್ಳದಿಂದ ಆ ರಸ್ತೆಯವರೆಗೆ, ಇಷ್ಟು ಊರು ಅಂತ. ನಮ್ಮ ಸಭೆ ಅಂದ್ರ ಹಾಜರಿ ಪುಸ್ತಕ. ಹೆಸರು ಇದ್ದವರು ನಮ್ಮವರು. ಆದರೆ ಹೊಳಿಗೆ ಹಾಜರಿ ಪುಸ್ತಕ ಗೊತ್ತಿಲ್ಲ, ಪ್ರಿಯರೇ. ಹೊಳಿಗೆ ಗೊತ್ತಿರೋದು ದಂಡೆ ಮಾತ್ರ. ದಂಡೆಯ ಮೇಲೆ ಯಾರ ಮನೆ ಐತಿ ಅನ್ನೋ ಲೆಕ್ಕ ಇಡಬೇಕಾದರೆ ಧರ್ಮಕೇಂದ್ರದ ಗಡಿಯ ಲೆಕ್ಕವೇ ಸರಿ. ಬೆಳಗಾವಿ ಧರ್ಮಪ್ರಾಂತ 1953ರಿಂದ ಐತಿ. ಅವರ ಹತ್ತಿರ ಶಾಲೆಗಳಿವೆ, ಗಟ್ಟಿ ಕಟ್ಟಡಗಳಿವೆ, ಕಾರಿತಾಸ್ ಇಂಡಿಯಾದಂಥ ಸಂಸ್ಥೆ ಐತಿ. ನಮ್ಮ ಹತ್ತಿರ ಏನೈತಿ? ಓಣಿ ಓಣಿಯಲ್ಲಿ ಮನೆಪ್ರಾರ್ಥನೆ ಐತಿ. ಯಾವ ಅಜ್ಜಿಗೆ ಕಾಲು ನೋವು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ನಮ್ಮ ಅಕ್ಕಂದಿರಿಗೆ ಗೊತ್ತು. ಅವರ ಕಟ್ಟಡ, ನಮ್ಮ ಕಾಲು ಎರಡೂ ಕೂಡಿದರೆ ಏನಾಗಬಹುದು ಯೋಚನೆ ಮಾಡ್ರಿ.

ಈಗ ಕೆಲವರ ಮನಸ್ಸಿನಲ್ಲಿರೋ ಮಾತಿಗೆ ಬರ್ತೇನೆ. ಪಾಸ್ಟರ್, ನೋಹನಿಗೆ ದೇವರು ಮಾತು ಕೊಟ್ಟಿದ್ದಾನಲ್ಲ, ಮತ್ತೆ ಜಲಪ್ರಳಯ ಇಲ್ಲ ಅಂತ? ಹೌದು, ಕೊಟ್ಟಿದ್ದಾನೆ. ಆದಿಕಾಂಡ ಒಂಬತ್ತು ಓದಿರಿ. ಭೂಮಿಯ ಜೀವಿಗಳನ್ನೆಲ್ಲ ಪ್ರಳಯದಿಂದ ಅಳಿಸೋದಿಲ್ಲ ಅಂತ ಮಾತು. ಲೋಳಸೂರ ಸೇತುವೆ ಮೇಲೆ ನೀರು ಬರೋದಿಲ್ಲ ಅಂತ ಅಲ್ಲಿ ಇಲ್ಲ. ಮತ್ತೆ ಆ ಒಡಂಬಡಿಕೆ ಯಾರ ಜೊತೆ? ನೋಹ, ಅವನ ಮಕ್ಕಳು, ಅಷ್ಟೇ ಅಂತೀರಾ? ಪಕ್ಷಿ, ದನಕರು, ನಾವೆಯಿಂದ ಹೊರಗೆ ಬಂದ ಪ್ರತಿಯೊಂದು ಪ್ರಾಣಿಯ ಜೊತೆ. ನಿಮ್ಮ ಎಮ್ಮೆಯ ಜೊತೆ ದೇವರು ಒಡಂಬಡಿಕೆ ಮಾಡಿದ್ದಾನೆ, ನಿಮಗೆ ಗೊತ್ತೇ ಇಲ್ಲ!

ಇನ್ನು ಕೆಲವರು, ಹೆಂಗೂ ಈ ಭೂಮಿ ಸುಟ್ಟು ಹೋಗ್ತದೆ, ಕರ್ತನು ಬರ್ತಾನೆ, ನಮಗ್ಯಾಕೆ ಅಂತಾರೆ. ಕರ್ತನು ಬರ್ತಾನೆ, ಆಮೆನ್! ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಲೂಕ ಹನ್ನೆರಡರಲ್ಲಿ ಯಜಮಾನ ಬಂದಾಗ ಯಾವ ಆಳು ಧನ್ಯ? ಆಕಾಶ ನೋಡ್ತಾ ನಿಂತವನಲ್ಲ, ಹೊತ್ತಿಗೆ ಸರಿಯಾಗಿ ಮನೆಯವರಿಗೆ ಊಟ ಅಳೆದು ಕೊಡ್ತಾ ಇದ್ದವನು. ಪ್ರಕಟನೆ 11:18 ತೆಗೆದು ನೋಡ್ರಿ. ಭೂಮಿಯನ್ನ ಹಾಳು ಮಾಡುವವರಿಗೆ ಕರ್ತನು ಏನು ಮಾಡ್ತಾನೆ ಅಂತ ಅಲ್ಲಿ ಐತಿ. ಆ ವಾಕ್ಯದ ಮೇಲೆ ಸಂದೇಶ ಕೊಡೋದು ನಾನು ಬಹಳ ಕಡಿಮೆ ಕೇಳಿದ್ದೇನೆ.

ರೋಮಾಪುರದವರಿಗೆ ಎಂಟನೇ ಅಧ್ಯಾಯಕ್ಕೆ ಬರ್ರಿ. ನಾವು ಪೆಂತೆಕೊಸ್ತಿನವರು 26ನೇ ವಚನ ಬಹಳ ಪ್ರೀತಿಸ್ತೀವಿ. ಏನು ಪ್ರಾರ್ಥಿಸಬೇಕು ಅಂತ ತಿಳಿಯದಾಗ ಆತ್ಮನು ತಾನೇ ನಮ್ಮ ಪರವಾಗಿ, ಮಾತಿಗೆ ನಿಲುಕದ ನರಳಾಟದಿಂದ ಬೇಡ್ತಾನೆ. ಉಪವಾಸ ಪ್ರಾರ್ಥನೆಯಲ್ಲಿ ನಾವು ಅದನ್ನ ಅನುಭವಿಸಿದ್ದೇವೆ. ಆದರೆ ನಾಲ್ಕು ವಚನ ಮೇಲೆ ಹೋಗ್ರಿ, 22. ಅಲ್ಲಿ ನರಳ್ತಾ ಇರೋದು ಯಾರು? ಸೃಷ್ಟಿ. ಹೆರಿಗೆ ನೋವಿನ ಹೆಣ್ಣುಮಗಳ ಹಂಗ. 23ರಲ್ಲಿ ನಾವು ನರಳ್ತೇವೆ. 26ರಲ್ಲಿ ಆತ್ಮನು. ಮೂರೂ ಒಂದೇ ನರಳಾಟ, ಪ್ರಿಯರೇ. ಅನ್ಯಭಾಷೆಯಲ್ಲಿ ಪ್ರಾರ್ಥಿಸುವ ಬಾಯಿಗೆ ಆತ್ಮನ ನರಳಾಟ ಗೊತ್ತಾದರೆ, ಕಿವಿಗೆ ಹೊಳಿಯ ನರಳಾಟ ಯಾಕೆ ಕೇಳಬಾರದು? ಹಲ್ಲೆಲೂಯಾ.

ಈಗ ಕೆಲಸದ ಮಾತು. 2019ರಲ್ಲಿ ದಂಡೆಯ ಮೇಲಿನ ಒಬ್ಬ ಅಜ್ಜಿಯನ್ನ ಕರೀಲಿಕ್ಕೆ ನಾವು ಹೋದೆವು. ನೀರು ಹೊಸ್ತಿಲಿಗೆ ಬಂದಿತ್ತು. ಬರಲಿಲ್ಲ ಆಕಿ. ಯಾಕೆ? ಎರಡು ಎಮ್ಮೆ ಇದ್ದವು. ‘ನನಗ ರೊಟ್ಟಿ ಕೊಡ್ತೀರಿ ಪಾಸ್ಟರ್, ಇವಕ್ಕ ಏನ್ ಕೊಡ್ತೀರಿ?’ ಅಂದಳು. ಆಮೇಲೆ ಎಮ್ಮೆ ಹೊಡಕೊಂಡೇ ಗುಡ್ಡದ ಕಡೆ ನಡೆದೆವು. ಪರಿಹಾರ ಅಂತ ರೊಟ್ಟಿ, ಬಿಸ್ಕತ್ತು, ಹಳೇ ಸೀರೆ ರಾಶಿ ಬಂತು, ಉತ್ತರ ಕರ್ನಾಟಕದ ಜನ ಧಾರಾಳ. ಮೇವು ತಂದವರು ಕಡಿಮೆ. ಆದ್ದರಿಂದ ಮೊದಲನೇ ಕೆಲಸ ಮೇವು. ಎತ್ತರದ ಹೊಲ ಇರೋ ನಮ್ಮ ರೈತ ಸಹೋದರರು ಒಂದೊಂದು ಬಣಿವೆಯಿಂದ ಸ್ವಲ್ಪ ಮೇವು ಜುಲೈ, ಆಗಸ್ಟ್‌ಗೆ ತೆಗೆದಿಡ್ರಿ.

ಹುಕ್ಕೇರಿ ಸಭೆಯವರೇ, ನೀವು ನಮ್ಮ ಅಗಬ. ಹಿಡಕಲ್‌ನಿಂದ ನೀರು ಬಿಡ್ತಾರೆ ಅಂತ ಅಧಿಕೃತ ಸೂಚನೆ ಬಂದ ಕೂಡಲೇ, ಹಿರಣ್ಯಕೇಶಿ ಏರಿದ ಕೂಡಲೇ ಗೋಕಾಕಕ್ಕೆ ಫೋನ್ ಮಾಡಬೇಕು, ಗೋಕಾಕದವರು ಮೂಡಲಗಿಗೆ. ವಾಟ್ಸಾಪ್‌ನಲ್ಲಿ ಡ್ಯಾಂ ಒಡೀತು ಅಂತ ಬಂದದ್ದನ್ನ ಮುಂದಕ್ಕೆ ಕಳಿಸಬೇಡ್ರಿ. ಸುಳ್ಳು ಪ್ರವಾದನೆ ವೇದಿಕೆ ಮೇಲೆ ಮಾತ್ರ ಅಲ್ಲ, ಮೊಬೈಲಿನಲ್ಲೂ ಇರ್ತೈತಿ.

ಕಾಗದಪತ್ರ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮನೆ ಉತಾರ, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಬಾಗಿಲ ಹತ್ತಿರದ ಮೊಳೆಗೆ. 2019ರಲ್ಲಿ ಸರ್ಕಾರ ತಕ್ಷಣದ ಪರಿಹಾರ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಹೇಳಿತು. ಕಾಗದ ಹೊಳಿಗೆ ಹೋಗಿದ್ದವರು ಎಷ್ಟು ಅಲೆದರು ನಿಮಗೇ ಗೊತ್ತು.

ಹತ್ತಿರದ ಧರ್ಮಕೇಂದ್ರದ ಫಾದರ್ ಅವರನ್ನ ನಾನು ಈ ವಾರ ಭೇಟಿಯಾಗ್ತೇನೆ. ಶಾಲೆಯ ಕೋಣೆ ತೆರೆದರೆ ಯಾರ ಹತ್ತಿರ ಕೀಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಎಷ್ಟು, ಕುಡಿಯೋ ನೀರಿನ ಟಾಕಿ ಎಷ್ಟು ದೊಡ್ಡದು, ಇದೆಲ್ಲ ಮಳೆ ಬರೋ ಮೊದಲು ಕೂತು ಮಾತಾಡಬೇಕು. ದೇವಾಲಯದ ಚಾವಣಿಯ ಮಳೆನೀರು ಹಿಡಿಯೋ ಕೆಲಸ ಅವರೂ ಮಾಡಲಿ, ನಾವೂ ನಮ್ಮ ತಗಡಿನ ಚಾವಣಿಗೆ ಪೈಪ್ ಹಾಕೋಣ. 2023ರಂಥ ಬೇಸಿಗೆ ಮತ್ತೆ ಬರ್ತೈತಿ. ಹುಕ್ಕೇರಿಯವರಿಗೆ ಕರೆಂಟ್ ಕೊಡೋದು ರಾಜ್ಯದಲ್ಲೇ ಒಂದೇ ಒಂದಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನೆರೆಹೊರೆಯವರು ಕೂಡಿದರೆ ಮನೆಗೆ ಬೆಳಕೇ ಬರ್ತೈತಿ ಅಂತ ನಮ್ಮ ತಾಲೂಕಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಕಬ್ಬಿನ ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡೋದನ್ನ ವಿಶ್ವಾಸಿಗಳ ಹೊಲದಲ್ಲಾದರೂ ಬಿಡೋಣ. ಸುಟ್ಟರೆ ಹೊಗೆ ಪಕ್ಕದ ಓಣಿಯ ಕೂಸಿನ ಎದೆಗೆ ಹೋಗ್ತೈತಿ, ಮಣ್ಣಿನ ಜೀವ ಹೋಗ್ತೈತಿ. ಸಾಲಿನ ನಡುವೆ ಹೊದಿಸಿದರೆ ತೇವ ಉಳೀತೈತಿ, ಕೊಳೆತು ಗೊಬ್ಬರ ಆಗ್ತೈತಿ. ದೇವರು ಆದಾಮನನ್ನ ತೋಟದಲ್ಲಿ ಇಟ್ಟದ್ದು ದುಡಿಯಲಿಕ್ಕೆ ಮಾತ್ರ ಅಲ್ಲ, ಕಾಯಲಿಕ್ಕೂ. ಆದಿಕಾಂಡ 2:15. ದುಡಿಯೋದು ನಮಗೆ ಚೆನ್ನಾಗಿ ಬರ್ತೈತಿ.

ಇನ್ನೊಂದು ಕಟ್ಟುನಿಟ್ಟಿನ ಮಾತು. ನೀರಿನಲ್ಲಿ ನಿಂತವನಿಗೆ ರೊಟ್ಟಿ ಕೊಡುವಾಗ ಕೈಯಲ್ಲಿ ಕರಪತ್ರ ಇರಬಾರದು. ಪ್ರಾರ್ಥನೆ ಮಾಡಲಾ ಅಂತ ಅವರು ಕೇಳಿದರೆ ಮಾಡ್ರಿ, ಕೇಳದಿದ್ದರೆ ರೊಟ್ಟಿ ಕೊಟ್ಟು ಮುಂದಿನ ಮನೆಗೆ ಹೋಗ್ರಿ. ಹಸಿದವನಿಗೆ ಅನ್ನದ ಬೆಲೆ ಕೇಳೋದು ಸುವಾರ್ತೆ ಅಲ್ಲ, ವ್ಯಾಪಾರ. ಸಮಾರ್ಯದವನು ಗಾಯಕ್ಕೆ ಎಣ್ಣೆ ಹಚ್ಚುವಾಗ ಹೆಸರು, ಜಾತಿ ಕೇಳಲಿಲ್ಲ.

ಹಣದ ಮಾತು ಕೊನೆಗೆ. ಹೊಸ ಸ್ಪೀಕರ್ ಸೆಟ್‌ಗೆ ಅಂತ ಕೂಡಿಸಿದ ಕಾಣಿಕೆ ಐತಿ. ಹಿರಿಯರ ಜೊತೆ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ, ನಿಮ್ಮ ಒಪ್ಪಿಗೆ ಬೇಕು. ಈ ವರ್ಷ ಹಳೇ ಸ್ಪೀಕರ್ ನಡೀಲಿ. ಕರಕರ ಅಂತೈತಿ, ಗೊತ್ತು. ಆ ಹಣದಲ್ಲಿ ಮೇವು, ತಾಡಪತ್ರಿ, ಟಾರ್ಚು, ಹಗ್ಗ, ಓಆರ್‌ಎಸ್ ಪುಡಿ. ಪ್ರತಿ ರೂಪಾಯಿಗೂ ಲೆಕ್ಕ, ಗೋಡೆಗೆ ಅಂಟಿಸ್ತೇವೆ. ಒಪ್ಪಿಗೆ ಇದ್ದವರು ಕೈ ಎತ್ರಿ. ಕರ್ತನಿಗೆ ಸ್ತೋತ್ರ. ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ಪುಸ್ತಕ ಐತಿ. ನಿಮ್ಮ ಓಣಿಯಲ್ಲಿ ದಂಡೆಗೆ ಹತ್ತಿರ ಇರೋ ವಯಸ್ಸಾದವರು, ಹಾಸಿಗೆ ಹಿಡಿದವರು, ಬಾಣಂತಿಯರ ಹೆಸರು ಬರೀರಿ. ನಮ್ಮ ಸಭೆಯವರಾ ಅಂತ ಕೇಳಬೇಡ್ರಿ. ದನಗಳ ಲೆಕ್ಕಕ್ಕೆ ಬೇರೆ ಹಾಳೆ ಐತಿ.

ಎಲ್ಲರೂ ಎದ್ದು ನಿಲ್ರಿ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಘಟಪ್ರಭೆ ನಿಮ್ಮದು, ಹಿರಣ್ಯಕೇಶಿ ನಿಮ್ಮದು, ಮಾರ್ಕಂಡೇಯ ನಿಮ್ಮದು. ಅಂತಿಯೋಕ್ಯದ ಸಭೆಗೆ ಕೊಟ್ಟ ಕಿವಿಯನ್ನ ನಮಗೂ ಕೊಡಿರಿ. ಈ ಮಳೆಗಾಲದಲ್ಲಿ ದಂಡೆಯ ಮೇಲೆ ಮಲಗುವ ಪ್ರತಿಯೊಂದು ಕೂಸನ್ನ, ಕೊಟ್ಟಿಗೆಯಲ್ಲಿ ಕಟ್ಟಿದ ಪ್ರತಿಯೊಂದು ಪಶುವನ್ನ ಕಾಯಿರಿ. ಕಬ್ಬು ಕಡಿಯುವ ಕೈಗಳನ್ನ, ಗೇಟು ತೆರೆಯುವ ಅಧಿಕಾರಿಗಳನ್ನ, ನಮ್ಮ ಕಥೋಲಿಕ ಸಹೋದರರನ್ನ ಆಶೀರ್ವದಿಸಿರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಕೂತ್ಕೊಳ್ರಿ. ಮೂಡಲಗಿಯವರು ಮೊದಲು ಊಟಕ್ಕೆ ಹೋಗ್ಲಿ, ಅವರ ಬಸ್ಸು ಎರಡೂವರೆಗೆ ಐತಿ.